ನಕ್ಷೆಯ ಕೆಂಪು ಚುಕ್ಕೆ ಎಷ್ಟು ಖಚಿತ?

ಮುನ್ಸೂಚನೆಯ ನಕ್ಷೆಯಲ್ಲಿ ಯಾವುದೋ ಕಣಿವೆಯ ಮೇಲೆ ಕಡುಗೆಂಪು ಚುಕ್ಕೆಯೊಂದು ಕಾಣಿಸಿತೆಂದರೆ, ವಿಪತ್ತು ನಿರ್ವಹಣೆಯ ಅಧಿಕಾರಿಗಳು ಹವಾಮಾನ ಮುನ್ಸೂಚನೆ ಕೊಡುವ ನಮ್ಮನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಮಳೆ ಅಲ್ಲಿಯೇ ಸುರಿಯುತ್ತದೆ ತಾನೆ?" ಹವಾಮಾನವನ್ನು ಲೆಕ್ಕಹಾಕುವ ಕಂಪ್ಯೂಟರ್ ಮಾದರಿ ಪ್ರದೇಶವನ್ನು ಚೌಕಗಳಾಗಿ ವಿಂಗಡಿಸುತ್ತದೆ; ಆ ಚೌಕ ಒಂದೂವರೆ ಕಿಲೋಮೀಟರಿನದು ಎಂದ ಮೇಲೆ ಉತ್ತರವೂ ಅಷ್ಟೇ ಕರಾರುವಾಕ್ಕಾಗಿರಬೇಕೆಂದು ಅವರು ನಿರೀಕ್ಷಿಸುವುದು ಸಹಜ. ಆದರೆ ಚಿತ್ರದ ಸೂಕ್ಷ್ಮತೆ ಬೇರೆ, ಸ್ಥಳದ ಖಚಿತತೆ ಬೇರೆ.

ಇಡೀ ಭೂಗೋಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮಾದರಿಗಳು ವಾತಾವರಣವನ್ನು ದೊಡ್ಡ ಚೌಕಗಳಾಗಿ ವಿಂಗಡಿಸುತ್ತವೆ. ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರದ ಮಾದರಿಯಲ್ಲಿ ಒಂದು ಚೌಕದ ಅಗಲ ಸುಮಾರು 9 ಕಿ.ಮೀ. ಗುಡುಗುಮೋಡದೊಳಗೆ ಮೇಲೇರುವ ಗಾಳಿಯ ಕಂಬ ಅದಕ್ಕಿಂತ ಕಿರಿದಾಗಿರುವುದರಿಂದ, ಅದರ ಪರಿಣಾಮವನ್ನು ಸೂತ್ರವೊಂದರಿಂದ ಅಂದಾಜು ಮಾಡಬೇಕಾಗುತ್ತದೆ, ಮತ್ತು ಅತಿವೃಷ್ಟಿಯ ತೀವ್ರತೆ ಕುಗ್ಗಿಹೋಗುವುದು ಹೆಚ್ಚಾಗಿ ಈ ಅಂದಾಜಿನಲ್ಲಿಯೇ. ಚೌಕ ಸುಮಾರು 4 ಕಿ.ಮೀ.ಗಿಂತ ಚಿಕ್ಕದಾದಾಗ ಮಾತ್ರ ಮಾದರಿ ತಾನೇ ಮೋಡವನ್ನು ಕಟ್ಟಬಲ್ಲದು. ಬ್ರಿಟನ್ನಿನ 1.5 ಕಿ.ಮೀ., ಫ್ರಾನ್ಸಿನ 1.3 ಕಿ.ಮೀ. ಹಾಗೂ ಪ್ರತಿ ಗಂಟೆಗೆ ಹೊಸದಾಗಿ ಓಡುವ ಅಮೆರಿಕದ 3 ಕಿ.ಮೀ. ಪ್ರಾದೇಶಿಕ ಮಾದರಿಗಳು ರೂಪುಗೊಂಡದ್ದು ಈ ಅಗತ್ಯದಿಂದ. ಇವು ಒಂದು ಪ್ರದೇಶಕ್ಕೆ ಸೀಮಿತವಾಗಿರುವುದಕ್ಕೆ ಕಾರಣ ಲೆಕ್ಕದ ಹೊರೆ. ಚೌಕದ ಅಗಲವನ್ನು ಅರ್ಧಕ್ಕಿಳಿಸಿದರೆ ಚೌಕಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ; ಗಣಿತಜ್ಞರಾದ ಕೂರಂಟ್, ಫ್ರೀಡ್ರಿಕ್ಸ್ ಮತ್ತು ಲೆವಿ 1928ರಲ್ಲಿ ತೋರಿಸಿಕೊಟ್ಟ ನಿಯಮದ ಪ್ರಕಾರ ಲೆಕ್ಕ ಒಂದೊಂದು ಹೆಜ್ಜೆಗೆ ಮುಂದೆ ಸಾಗುವ ಕಾಲಾಂತರವನ್ನೂ ಅರ್ಧಕ್ಕಿಳಿಸಬೇಕಾಗುವುದರಿಂದ ಒಟ್ಟು ಕೆಲಸ ಎಂಟು ಪಟ್ಟಾಗುತ್ತದೆ.

ಇಷ್ಟು ವೆಚ್ಚ ಮಾಡಿದರೂ ಒಂದು ಚೌಕದಷ್ಟು ಚಿಕ್ಕ ಸಂಗತಿ ಮಾದರಿಗೆ ಸರಿಯಾಗಿ ದಕ್ಕುವುದಿಲ್ಲ. ನಂಬಬಹುದಾದ ರಚನೆಗಳು ಚೌಕದ ಅಗಲಕ್ಕಿಂತ ಹಲವು ಪಟ್ಟು ದೊಡ್ಡವು. ಜೊತೆಗೆ ಪ್ರಾದೇಶಿಕ ಮಾದರಿ ತನ್ನ ಗಡಿಯ ಗಾಳಿ ಮತ್ತು ತೇವಾಂಶವನ್ನು ದೊಡ್ಡ ಮಾದರಿಯಿಂದ ಕಡ ತರುತ್ತದೆ, ಹಾಗಾಗಿ ಅಲ್ಲಿನ ತಪ್ಪು ಇಲ್ಲಿಗೂ ನುಸುಳುತ್ತದೆ. ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 1969ರಲ್ಲಿಯೇ ವಿವರಿಸಿದಂತೆ, ಸಣ್ಣ ಗಾತ್ರದ ತಪ್ಪುಗಳು ದೊಡ್ಡವುಗಳಿಗಿಂತ ಬಹುಬೇಗ ಬೆಳೆಯುತ್ತವೆ. ಬಿಡಿ ಗುಡುಗುಮೋಡದ ಜಾಗವನ್ನು ಮುಂಚಿತವಾಗಿ ಹೇಳುವ ಅವಧಿ ಕೆಲವೇ ಗಂಟೆಗಳಿಗೆ ಮುಗಿದುಹೋಗುವುದು ಇದರಿಂದಲೇ.

ರಾತ್ರಿ ಪಾಳಿಯಲ್ಲಿ ನಮ್ಮ ಮುಂದೆ ಬರುವಂಥ ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಆರಂಭದ ಸ್ಥಿತಿಯನ್ನು ತುಸು ತುಸು ಬದಲಿಸಿ ಒಂದೇ ಮಾದರಿಯನ್ನು 20 ಬಾರಿ ಓಡಿಸಲಾಗಿದೆ. 14 ಓಟಗಳಲ್ಲಿ ಬೆಟ್ಟಸಾಲಿನ ಆಸುಪಾಸಿನ 30 ಕಿ.ಮೀ. ಒಳಗೆ ಎಲ್ಲೋ ಒಂದೆಡೆ ಮೂರು ಗಂಟೆಗಳಲ್ಲಿ 100 ಮಿ.ಮೀ. ಮಳೆ ಬೀಳುತ್ತದೆ, ಆದರೆ ಕೆಂಪು ಚುಕ್ಕೆಯಿದ್ದ ಆ ಕಣಿವೆಯಲ್ಲಿ ಅಷ್ಟು ಬೀಳುವುದು ಕೇವಲ ಮೂರರಲ್ಲಿ. ಚುಕ್ಕೆ 10 ಕಿ.ಮೀ. ಸರಿದರೆ ಮಳೆಯ ದೃಷ್ಟಿಯಿಂದ ಮುನ್ಸೂಚನೆ ಬಹುಮಟ್ಟಿಗೆ ಸರಿಯೇ. ನೀರು ಮಾತ್ರ ಬೆಟ್ಟದ ಆಚೆ ಬದಿಗೆ ಇಳಿದು ಬೇರೊಂದು ನದಿಯನ್ನು ಸೇರುತ್ತದೆ. ಚೌಕಕ್ಕೆ ಚೌಕ ಹೋಲಿಸಿ ಅಂಕ ಕೊಡುವ ಹಳೆಯ ಪದ್ಧತಿಯಲ್ಲಿ ಇಂಥ ಮುನ್ಸೂಚನೆಗೆ ಎರಡು ಸಲ ದಂಡ ಬೀಳುತ್ತದೆ: ಮಳೆ ಬಿದ್ದಲ್ಲಿ ಹೇಳಲಿಲ್ಲವೆಂದು ಒಂದು, ಹೇಳಿದಲ್ಲಿ ಬೀಳಲಿಲ್ಲವೆಂದು ಇನ್ನೊಂದು. ಏನನ್ನೂ ಹೇಳದ ಮೊಂಡು ಮಾದರಿ ಒಂದೇ ದಂಡಕ್ಕೆ ಪಾರಾಗುತ್ತದೆ! ಆದ್ದರಿಂದ ಈಗ ಸುತ್ತಮುತ್ತಲಿನ ಚೌಕಗಳನ್ನೂ ಸೇರಿಸಿಕೊಂಡು ಅಳೆಯುವ ರೂಢಿ ಬಂದಿದೆ.

2023ರಲ್ಲಿ ಗಮನ ಸೆಳೆದ ಪಾಂಗು-ವೆದರ್, ಗ್ರಾಫ್‌ಕಾಸ್ಟ್‌ನಂತಹ ಕೃತಕ ಬುದ್ಧಿಮತ್ತೆಯ ಮಾದರಿಗಳು ಹತ್ತು ದಿನಗಳ ಮುನ್ಸೂಚನೆಯನ್ನು ನಿಮಿಷಗಳೊಳಗೆ ಕೊಡುತ್ತವೆ. ಅವುಗಳ ಚೌಕ ಕಾಲು ಡಿಗ್ರಿ, ಅಂದರೆ ಸಮಭಾಜಕದ ಬಳಿ ಸುಮಾರು 28 ಕಿ.ಮೀ. ಸರಾಸರಿ ತಪ್ಪನ್ನು ತಗ್ಗಿಸುವಂತೆ ಕಲಿತ ಇವು ಅತಿವೃಷ್ಟಿಯಂಥ ತುದಿಯ ತೀವ್ರತೆಗಳನ್ನು ತಗ್ಗಿಸಿ ನಯಗೊಳಿಸಿಬಿಡುತ್ತವೆ. ಒರಟು ನಕ್ಷೆಯಿಂದ ಸೂಕ್ಷ್ಮ ನಕ್ಷೆಯನ್ನು ಸೃಷ್ಟಿಸುವ ತಂತ್ರಗಳೂ ಬಂದಿವೆ. ಅವುಗಳ ಚಿತ್ರ ಚೊಕ್ಕವಾಗಿದ್ದಷ್ಟೂ ನಾನು ಮಳೆಮಾಪಕದ ದಾಖಲೆಯನ್ನು ಹೆಚ್ಚು ಹುಡುಕುತ್ತೇನೆ.

ಅಧಿಕಾರಿಗಳ ಪ್ರಶ್ನೆಗೆ ನಾನು ಕೊಡುವ ಉತ್ತರ ಹೀಗಿರುತ್ತದೆ: "ಈ 30 ಕಿ.ಮೀ. ವಲಯದಲ್ಲಿ ಎಲ್ಲಾದರೂ ಇಂಥ ಮಳೆ ಬೀಳುವ ಸಾಧ್ಯತೆ ಹತ್ತರಲ್ಲಿ ಏಳು. ಬೆಟ್ಟದ ಎರಡೂ ಬದಿಯ ತಂಡಗಳನ್ನು ಇಂದು ಸಂಜೆಯೇ ಸಜ್ಜುಗೊಳಿಸಿ. ಯಾವ ಕಣಿವೆ ಎಂಬುದನ್ನು ಮೋಡ ಎದ್ದ ಮೇಲೆ ರಾಡಾರ್ ನೋಡಿ ಹೇಳುತ್ತೇವೆ; ಆಗ ನಿಮಗೆ ಸಿಗುವುದು ಹೆಚ್ಚೆಂದರೆ ಒಂದೆರಡು ಗಂಟೆ."