ತೊಟ್ಟಿಯೊಳಗೆ ಆಮೆಮರಿ, ತೊಟ್ಟಿಯ ಸುತ್ತ ತಾಮ್ರದ ಸುರುಳಿ

ಮೊಟ್ಟೆಯೊಡೆದು ಬಂದ ಲಾಗರ್‌ಹೆಡ್ ಕಡಲಾಮೆಯ ಮರಿ ಸುಮಾರು 5 ಸೆಂಟಿಮೀಟರ್ ಉದ್ದ, 20 ಗ್ರಾಂ ಆಸುಪಾಸಿನ ತೂಕ. ಫ್ಲೋರಿಡಾದ ಮರಳಿನಿಂದ ಎದ್ದು ನೀರಿಗಿಳಿದದ್ದು ಉತ್ತರ ಅಟ್ಲಾಂಟಿಕ್ ಸುತ್ತುವ ದೊಡ್ಡ ಪ್ರವಾಹವನ್ನು ಸೇರಿ, ವರ್ಷಗಟ್ಟಲೆ ಅಲೆದು, ಮತ್ತೆ ಅಮೆರಿಕದ ದಂಡೆಗೆ ಬರುತ್ತದೆ. ದಾರಿ ತೋರಿಸಲು ತಾಯಿಯೂ ಇರುವುದಿಲ್ಲ. ಹಾಗಾದರೆ ದಿಕ್ಕು ಗೊತ್ತಾಗುವುದು ಹೇಗೆ? ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಕೆನೆತ್ ಲೋಮನ್ ದಶಕಗಳಿಂದ ಬೆನ್ನು ಹತ್ತಿರುವ ಪ್ರಶ್ನೆ ಇದು.

ಅವರ ಸಲಕರಣೆ ನೋಡಲು ಸರಳ. ಮರಿಗೆ ಈಜುಡುಗೆಯ ಬಟ್ಟೆಯಂಥ ಹಿಗ್ಗುವ ಕವಚ ತೊಡಿಸಿ, ದಾರದಿಂದ ಸುತ್ತಲೂ ತಿರುಗಬಲ್ಲ ಕಡ್ಡಿಯೊಂದಕ್ಕೆ ಕಟ್ಟುತ್ತಾರೆ. ದುಂಡು ತೊಟ್ಟಿಯ ಕತ್ತಲಲ್ಲಿ ಮರಿ ಇದ್ದಲ್ಲೇ ಈಜುತ್ತದೆ. ಕಡ್ಡಿ ಯಾವ ಕಡೆ ತಿರುಗಿತೆಂಬುದನ್ನು ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ಭೂಮಿಯ ಕಾಂತಕ್ಷೇತ್ರವೇ ಮರಿಗೆ ದಿಕ್ಕು ತೋರಿಸುತ್ತದೆಯೇ ಎಂದು ನೋಡಲು ತೊಟ್ಟಿಯ ಸುತ್ತ ತಾಮ್ರದ ಸುರುಳಿಗಳು. ಸುರುಳಿಗೆ ವಿದ್ಯುತ್ ಹರಿಸಿ ಕಾಂತಕ್ಷೇತ್ರವನ್ನು ತಲೆಕೆಳಗು ಮಾಡಿದಾಗ ಮರಿಗಳೂ ಎದುರು ದಿಕ್ಕಿಗೆ ಈಜಿದವು. ಈ ಫಲಿತಾಂಶ ಪ್ರಕಟವಾದದ್ದು 1991ರಲ್ಲಿ.

ಭೂಮಿಯ ಕಾಂತಕ್ಷೇತ್ರವನ್ನು ಸರಿಗಟ್ಟಲು ಭಾರೀ ವಿದ್ಯುತ್ ಬೇಕಿಲ್ಲ. ಭೂಮಿಯ ಮೇಲ್ಮೈಯಲ್ಲಿ ಅದು ಹೆಚ್ಚುಕಮ್ಮಿ 25ರಿಂದ 65 ಮೈಕ್ರೊಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ). ಒಂದು ಮೀಟರ್ ತ್ರಿಜ್ಯದ ಎರಡು ದುಂಡು ಸುರುಳಿಗಳನ್ನು ಒಂದು ಮೀಟರ್ ಅಂತರದಲ್ಲಿ ಎದುರುಬದುರು ಇಟ್ಟು, ತಲಾ 50 ಸುತ್ತು ಸುತ್ತಿ, ಒಂದು ಆಂಪಿಯರ್ ಹರಿಸಿದರೆ ನಡುವೆ 45 ಮೈಕ್ರೊಟೆಸ್ಲಾ ಸಿಕ್ಕಿಬಿಡುತ್ತದೆ.

ಕಷ್ಟ ಇರುವುದು ಬೇರೆ ಕಡೆ. ಕ್ಷೇತ್ರ ಸಮನಾಗಿರುವುದು ನಟ್ಟನಡುವಿನ ಚಿಕ್ಕ ಜಾಗದಲ್ಲಿ ಮಾತ್ರ. ತೊಟ್ಟಿ ಅದನ್ನು ಮೀರಿ ಬೆಳೆದರೆ ಮರಿ ಒಂದೊಂದು ಮೂಲೆಯಲ್ಲಿ ಒಂದೊಂದು ಕ್ಷೇತ್ರ ಅನುಭವಿಸುತ್ತದೆ. ಕಬ್ಬಿಣದ ಒಂದು ಸ್ಕ್ರೂ, ನೆಲದ ಕಾಂಕ್ರೀಟಿನೊಳಗಿನ ಸರಳು, ಅಷ್ಟೇ ಸಾಕು ಕೆಡಿಸಲು. ಹಾಗಾಗಿ ಚೌಕಟ್ಟಿಗೆ ಮರ, ಅಲ್ಯೂಮಿನಿಯಂ, ಹಿತ್ತಾಳೆ. ಅಳೆಯುವುದೂ ಪಕ್ಕದ ಮೇಜಿನ ಮೇಲಲ್ಲ, ಮರಿ ಈಜುವ ಜಾಗದಲ್ಲೇ.

ಸುರುಳಿ ಬಿಸಿಯಾಗುತ್ತದೆ, ಸಣ್ಣಗೆ ಗುಂಯ್‌ಗುಡುತ್ತದೆ. ಮರಿ ತಿರುಗಿದ್ದು ಅದಕ್ಕೇ ಇರಬಾರದೇಕೆ? ಒಳ್ಳೆಯ ಉಪಾಯವೆಂದರೆ ಜೋಡಿ ತಂತಿ ಸುತ್ತುವುದು. ಎರಡರಲ್ಲೂ ವಿದ್ಯುತ್ ಒಂದೇ ಕಡೆ ಹರಿದರೆ ಕ್ಷೇತ್ರ ಹುಟ್ಟುತ್ತದೆ. ವಿರುದ್ಧವಾಗಿ ಹರಿಸಿದರೆ ಕ್ಷೇತ್ರ ಅಳಿಸಿಹೋಗಿ ಬಿಸಿ ಮಾತ್ರ ಅಷ್ಟೇ ಉಳಿಯುತ್ತದೆ. ಶಾರ್ಕ್, ತೊರಕೆ ಮೀನುಗಳ ಮೇಲಿನ ಪ್ರಯೋಗಕ್ಕೆ ಇನ್ನೊಂದು ತೊಡಕಿದೆ. ಅವು ವಿದ್ಯುತ್ತನ್ನೇ ಗ್ರಹಿಸುತ್ತವೆ. ಕ್ಷೇತ್ರವನ್ನು ತಟ್ಟನೆ ಬದಲಿಸಿದರೆ ಉಪ್ಪುನೀರಿನಲ್ಲಿ ವಿದ್ಯುತ್ ಪ್ರೇರಣೆಯಾಗಿ, ಮೀನು ಯಾವುದಕ್ಕೆ ಬೆಚ್ಚಿತೆಂದು ಹೇಳಲಾಗದು. ನಿಧಾನವಾಗಿ ಏರಿಸುವುದೇ ದಾರಿ.

ಲೆಕ್ಕದಲ್ಲಿ ಆಗುವ ತಪ್ಪಂತೂ ಮಾಮೂಲು. ಹತ್ತು ಮರಿಗಳಿಂದ ಸಾವಿರ ಅಳತೆ ಬಂದರೂ ಪುರಾವೆ ಹತ್ತೇ: ಒಂದು ಮರಿಗೆ ಒಂದು ಸರಾಸರಿ ದಿಕ್ಕು.

ಇಷ್ಟೆಲ್ಲ ಆದ ಮೇಲೂ ಸಾಬೀತಾಗುವುದು ದಿಕ್ಸೂಚಿ ಮಾತ್ರ. ಉತ್ತರ ಯಾವ ಕಡೆ ಎಂದು ತಿಳಿದರೆ ತಾನೆಲ್ಲಿದ್ದೇನೆಂದು ತಿಳಿದಂತಲ್ಲ. ಅದಕ್ಕೆ ನಕ್ಷೆ ಬೇಕು. ಕಾಂತರೇಖೆ ನೆಲದ ಜೊತೆ ಮಾಡುವ ಕೋನ, ಕ್ಷೇತ್ರದ ಬಲ, ಎರಡೂ ಊರಿಂದೂರಿಗೆ ಬದಲಾಗುತ್ತವೆ. 2001ರಲ್ಲಿ ಲೋಮನ್ ತಂಡ, ಸಮುದ್ರ ಕಂಡೇ ಇರದ ಮರಿಗಳಿಗೆ ತೊಟ್ಟಿಯಲ್ಲೇ ಅಟ್ಲಾಂಟಿಕ್‌ನ ದೂರದ ಜಾಗಗಳ ಕ್ಷೇತ್ರ ಒಡ್ಡಿತು. ಪೋರ್ಚುಗಲ್ ಬಳಿಯ ಕ್ಷೇತ್ರ ಕೊಟ್ಟಾಗ ಅವು ದಕ್ಷಿಣಕ್ಕೆ ಈಜಿದವು. ಅಲ್ಲಿ ಪ್ರವಾಹ ಕವಲೊಡೆಯುತ್ತದೆ. ಉತ್ತರದ ಕವಲು ಹಿಡಿದ ಮರಿ ಚಳಿಗೆ ಸಾಯುತ್ತದೆ.

2025ರಲ್ಲಿ ಅದೇ ತಂಡ ಎಳೆಯ ಆಮೆಗಳನ್ನು ಎರಡು ಕ್ಷೇತ್ರಗಳಲ್ಲಿ ಸಮಾನ ಹೊತ್ತು ಇರಿಸಿ, ಒಂದರಲ್ಲಿ ಮಾತ್ರ ಊಟ ಹಾಕಿತು. ಕ್ರಮೇಣ ಊಟದ ಕ್ಷೇತ್ರ ಬಂತೆಂದರೆ ಆಮೆಗಳು ತಲೆಯೆತ್ತಿ, ಬಾಯಿ ತೆರೆದು, ಮುಂಗಾಲು ಬಡಿಯುತ್ತ ಕುಣಿಯತೊಡಗಿದವು. ಬಳಿಕ ರೇಡಿಯೊ ಆವರ್ತನದ ಕ್ಷೀಣ ಕಂಪನಗಳನ್ನು ಸೇರಿಸಿದರು. ದಿಕ್ಸೂಚಿ ಪರೀಕ್ಷೆಯಲ್ಲಿ ಆಮೆಗಳು ದಿಕ್ಕು ತಪ್ಪಿದವು. ಕುಣಿತ ಮಾತ್ರ ನಿಲ್ಲಲಿಲ್ಲ. ಅಂದರೆ ಒಂದೇ ಅಂಗದಿಂದ ಎರಡೂ ಕೆಲಸ ನಡೆಯುತ್ತಿಲ್ಲ ಎಂಬ ಶಂಕೆ ಬಲವಾಯಿತು. ರೇಡಿಯೊ ಕಂಪನ ಕೆಡಿಸಬಲ್ಲದ್ದು ಅಣುಗಳ ರಾಸಾಯನಿಕ ಕ್ರಿಯೆಯ ಮೇಲೆ ನಿಂತ ದಿಕ್ಸೂಚಿಯನ್ನು. ಜೀವಕೋಶದೊಳಗಿನ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಖನಿಜದ ಹರಳು ಅದಕ್ಕೆ ಜಗ್ಗುವುದಿಲ್ಲ.