ಕಾಂಟೆಸ್ಸಾಗೆ ಅಂಬಾಸಿಡರ್ ಗ್ಯಾಸ್ಕೆಟ್

"ಸಾರ್, ಹೆಡ್ ಗ್ಯಾಸ್ಕೆಟ್ ಎಲ್ಲೂ ಸಿಗ್ತಿಲ್ಲ. ಕಾಂಟೆಸ್ಸಾದು ಅಂದ ತಕ್ಷಣ ಅಂಗಡಿಯವರು ತಲೆ ಅಲ್ಲಾಡಿಸ್ತಾರೆ."

ತಾತನ ಕಾರು ತಂದ ಹುಡುಗನ ಗೋಳು ಇದು. ಹೆಡ್ ಗ್ಯಾಸ್ಕೆಟ್ ಅಂದರೆ ಎಂಜಿನ್ನಿನ ಬ್ಲಾಕಿಗೂ ಅದರ ಮೇಲಿನ ಮುಚ್ಚಳಕ್ಕೂ ನಡುವೆ ಸೋರದಂತೆ ಕೂರಿಸುವ ತೆಳು ಹಾಳೆ. ಶುರುವಿನ ವರ್ಷಗಳ ಗಾಡಿ. ಬಾನೆಟ್ ಎತ್ತಿದೆ. ಒಳಗಿದ್ದದ್ದು ನನ್ನ ಹಳೇ ಪರಿಚಯದ 1489 ಸಿಸಿ ಎಂಜಿನ್. "ಜೆ.ಸಿ. ರೋಡಿಗೆ ಹೋಗಿ ಅಂಬಾಸಿಡರ್ ಪೆಟ್ರೋಲ್ ಗಾಡಿದು ಅಂತ ಕೇಳಪ್ಪ" ಅಂದೆ. ಮಧ್ಯಾಹ್ನದೊಳಗೆ ತಂದುಬಿಟ್ಟ.

1984ರಲ್ಲಿ ಬಂದ ಕಾಂಟೆಸ್ಸಾದ ಬಾಡಿ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನದು, ಎಂಜಿನ್ ಮಾತ್ರ ಅಂಬಾಸಿಡರ್‌ನದು. ಆನೆಯಂಥ ಮೈಗೆ ಕುರಿಯ ಗುಂಡಿಗೆ! ಆಮೇಲೆ 1.8 ಲೀಟರಿನ ಇಸುಜು ಎಂಜಿನ್ ಬಂತು. ಅದರ ಗ್ಯಾಸ್ಕೆಟ್ ಬೇರೆ. ಅದಕ್ಕೇ ನಾನು ಮೊದಲು ಎಂಜಿನ್ ನೋಡುತ್ತೇನೆ, ಡಿಕ್ಕಿಯ ಮೇಲಿನ ಹೆಸರು ಆಮೇಲೆ.

ಈ 1489 ಸಿಸಿ ಎಂಜಿನ್ನಿಗೆ ನೆಂಟರು ಜಾಸ್ತಿ. 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇದೇ ಬಿ-ಸೀರೀಸ್ ಎಂಜಿನ್ ಇತ್ತು. ಅದಕ್ಕೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಎರಡು, ಸುಮಾರು 70 ಕುದುರೆ ಶಕ್ತಿ. ನಮ್ಮದಕ್ಕೆ ಒಂದೇ ಕಾರ್ಬುರೇಟರ್, 50ರ ಆಸುಪಾಸು. ಇದರ ಒಂದು ವಿಚಿತ್ರ ಕೇಳಿ: ನಾಲ್ಕು ಸಿಲಿಂಡರಿಗೆ ಗಾಳಿ ಒಳಬರಲು ಎರಡೇ ದಾರಿ, ಹೊಗೆ ಹೋಗಲು ಮೂರು. ನಡುವಿನ ಎರಡು ಸಿಲಿಂಡರ್ ಒಂದೇ ಬಾಗಿಲಲ್ಲಿ ಹೊಗೆ ಬಿಡುತ್ತವೆ. ಐದೂ ಒಂದೇ ಬದಿಯಲ್ಲಿ! ಎರಡು ಕಾರ್ಬುರೇಟರ್ ಹಾಕಿಸಿ ಅಂಬಾಸಿಡರ್ ಓಡಿಸುವ ಆಸೆ ಕೆಲವರಿಗೆ. ಓಡುವುದೇನೋ ಓಡುತ್ತದೆ, ನಿಲ್ಲಬೇಕಲ್ವಾ?

ನೋಡೋಕೆ ಒಂದೇ ಥರ ಇದ್ದು ಕೈಕೊಡುವುದು ಬೋಲ್ಟು. ಕೆಲಸ ಕಲಿಯುವಾಗ ಪದ್ಮಿನಿಯಿಂದ ಬಿಚ್ಚಿದ 8 ಎಂ.ಎಂ. ಬೋಲ್ಟೊಂದನ್ನು ಅಂಬಾಸಿಡರ್ ಎಂಜಿನ್ನಿಗೆ ತಿರುಗಿಸಿದ್ದೆ. ಎರಡು ಸುತ್ತು ಸಲೀಸಾಗಿ ಹೋಯಿತು. ಮೂರನೆಯದಕ್ಕೆ ಬಿಗಿಯಾಯಿತು. ನಾನು ಸ್ಪ್ಯಾನರ್ ಹಾಕಿ ಜಗ್ಗಿದೆ. ಕರ್ ಅಂತ ಸದ್ದು, ಥ್ರೆಡ್ (ಸುರುಳಿ ಗೀರು) ಹಾಳು. ಫಿಯೆಟ್ ಮೂಲದ ಪದ್ಮಿನಿ ಮಿಲಿಮೀಟರ್ ಲೆಕ್ಕ, ಮಾರಿಸ್ ಮೂಲದ ಅಂಬಾಸಿಡರ್ ಇಂಚಿನ ಲೆಕ್ಕ. 5/16 ಇಂಚಿನ ಬೋಲ್ಟ್ ದಪ್ಪದಲ್ಲಿ 8 ಎಂ.ಎಂ.ಗೆ ಕೂದಲೆಳೆ ಕಮ್ಮಿ. ಆದರೆ ಇಂಚಿಗೆ 24 ಸುತ್ತು ಥ್ರೆಡ್. 8 ಎಂ.ಎಂ. ಬೋಲ್ಟಿಗೆ ಸುಮಾರು 20. ಅರ್ಧ ಇಂಚಿನ ತಲೆಗೆ 13 ಎಂ.ಎಂ. ಸ್ಪ್ಯಾನರ್ ಕೂಡ ಕೂರುತ್ತದೆ, ನಾಲ್ಕು ಸಲ ಹಾಕಿದರೆ ಮೂಲೆ ಸವೆದು ಗುಂಡಗಾಗುತ್ತದೆ. ಬೆರಳಲ್ಲಿ ಪೂರ್ತಿ ತಿರುಗದ ಬೋಲ್ಟಿಗೆ ಈಗ ನನ್ನ ಹುಡುಗರು ಸ್ಪ್ಯಾನರ್ ಮುಟ್ಟಿಸುವುದಿಲ್ಲ.

ಒಂದು ಕಾರಿನ ಭಾಗ ಇನ್ನೊಂದಕ್ಕೆ ಹಾಕುವುದು ಬಡವರ ಕಾರಿನ ಕಥೆ ಅಂದುಕೊಳ್ಳಬೇಡಿ. ದೀಪಕ್ಕೆ, ಹಿಡಿಕೆಗೆ ಹೊಸ ಅಚ್ಚು ಮಾಡಿಸುವುದು ದುಬಾರಿ. ವರ್ಷಕ್ಕೆ ಕೆಲವೇ ನೂರು ಕಾರು ಮಾಡುವವರು ಪಕ್ಕದ ಮನೆಯಿಂದ ಸಕ್ಕರೆ ತಂದ ಹಾಗೆ ತರುತ್ತಾರೆ. ಮೆಕ್ಲಾರೆನ್ ಎಫ್1 ಎಂಬ ದುಬಾರಿ ಸ್ಪೋರ್ಟ್ಸ್ ಕಾರಿನ ಹಿಂದಿನ ದೀಪ ಬಸ್ಸಿನದು. ಲೋಟಸ್ ಎಸ್ಪ್ರಿ ಸ್ಪೋರ್ಟ್ಸ್ ಕಾರಿನ ಬಾಗಿಲ ಹಿಡಿಕೆ ಮಾರಿಸ್ ಮರೀನಾ ಎಂಬ ಸಾದಾ ಕಾರಿನದು. ಎಸ್ಪ್ರಿಯ ಎರಡನೇ ಮಾದರಿಗೆ ಹಿಂದಿನ ದೀಪ ರೋವರ್ ಎಸ್‌ಡಿ1ರಿಂದ ಬಂತು. ಅದೇ ರೋವರ್ ಬಾಡಿ 1985ರಲ್ಲಿ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ 2000 ಆಯಿತು. ಗುಜರಿಯಲ್ಲಿ ಆ ಕಾರಿನ ಒಡೆಯದ ದೀಪ ಕಂಡರೆ ನಾನು ಚೌಕಾಸಿ ಕೂಡ ಮಾಡುವುದಿಲ್ಲ, ಸುಮ್ನೆ ಎತ್ತಿಕೊಂಡು ಬರುತ್ತೇನೆ.