ಲ್ಯಾಪ್‌ಟಾಪ್ ಸುಮ್ನೆ ಇದ್ದರೂ ರ‍್ಯಾಮ್ ತುಂಬಿರುವುದು ಯಾಕೆ?

ಪ್ರಶ್ನೆ: ಮಾಟುಂಗದಲ್ಲಿ ನಮ್ಮದೊಂದು ಸಣ್ಣ ಹೋಟೆಲಿದೆ. ಲೆಕ್ಕ ಬರೆಯುವ ಲ್ಯಾಪ್‌ಟಾಪನ್ನು ರಾತ್ರಿ ಆನ್ ಇಟ್ಟೇ ಹೋಗುತ್ತೇವೆ. ಬೆಳಿಗ್ಗೆ ನೋಡಿದರೆ 8 ಜಿಬಿಯಲ್ಲಿ 5 ಜಿಬಿ ರ‍್ಯಾಮ್ ತುಂಬಿರುತ್ತದೆ. ಯಾರೂ ಮುಟ್ಟಿರುವುದಿಲ್ಲ. ಮೊದಲ ಐದು ನಿಮಿಷ ತುಂಬಾ ನಿಧಾನ. ರ‍್ಯಾಮ್ ಕ್ಲೀನರ್ ಹಾಕಿಕೊಳ್ಳಲಾ?

ಬೇಡ. ಹಾಕಿದ್ದರೆ ಇವತ್ತೇ ತೆಗೆದುಬಿಡಿ.

ಡೊಂಬಿವಲಿಯ ನಮ್ಮ ಭಾನುವಾರದ ಕ್ಲಾಸಿನಲ್ಲಿ ಈ ಪ್ರಶ್ನೆ ಬಾರದ ಬ್ಯಾಚೇ ಇಲ್ಲ. ಠಾಣೆಯವರು ಕೇಳಿದ್ದಾರೆ, ಪುಣೆಯಿಂದ ಫೋನ್ ಮಾಡಿಯೂ ಕೇಳಿದ್ದಾರೆ. ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಈ ಸಲ ಪೂರ್ತಿ ಬರೆದಿಡುತ್ತಿದ್ದೇನೆ.

ರ‍್ಯಾಮ್ ಅಂದರೆ ಕಂಪ್ಯೂಟರ್ ಸದ್ಯದ ಕೆಲಸಕ್ಕೆ ಬೇಕಾದದ್ದನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳುವ ಜಾಗ. ಅದು ಖಾಲಿ ಇದ್ದಷ್ಟೂ ಒಳ್ಳೆಯದು ಅನ್ನುವ ನಂಬಿಕೆಯೇ ತಪ್ಪು. ನೀವು ಹೋಟೆಲಿನವರು, ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಮಧ್ಯಾಹ್ನ ಮೂರು ಗಂಟೆಗೆ ಗಿರಾಕಿ ಕಡಿಮೆ. ಆಗ ಅಡುಗೆಮನೆಯ ಕಟ್ಟೆ ಖಾಲಿ ಇರುತ್ತದಾ? ಇಲ್ಲ. ಡಿಕಾಕ್ಷನ್ ಇಳಿಯುತ್ತಿರುತ್ತದೆ. ಈರುಳ್ಳಿ ಹೆಚ್ಚಿಟ್ಟಿರುತ್ತದೆ. ದೋಸೆ ಹಿಟ್ಟಿನ ಪಾತ್ರೆ ಕೈಗೆ ಸಿಗುವಲ್ಲೇ ಇರುತ್ತದೆ. ಸಂಜೆ ಆಫೀಸು ಬಿಟ್ಟು ಬರುವವರಿಗೆ ಎರಡೇ ನಿಮಿಷದಲ್ಲಿ ತಟ್ಟೆ ಇಡಬೇಕಲ್ವಾ? ಈಗ ಯಾರೋ ಅರ್ಧ ಗಂಟೆಗೊಮ್ಮೆ ಬಂದು, "ಕಟ್ಟೆ ತುಂಬಿದೆ" ಅಂತ ಎಲ್ಲವನ್ನೂ ಹೊತ್ತು ಉಗ್ರಾಣದಲ್ಲಿಟ್ಟರೆ ನಿಮ್ಮ ಭಟ್ಟರು ಏನನ್ನುತ್ತಾರೆ? ರ‍್ಯಾಮ್ ಆ ಕಟ್ಟೆ, ಡಿಸ್ಕ್ ಉಗ್ರಾಣ. ಕ್ಲೀನರ್ ಮಾಡುವುದು ಅದನ್ನೇ.

ಅದರ ಕೆಲಸ ಹೀಗಿರುತ್ತದೆ. ಓಡುತ್ತಿರುವ ಎಲ್ಲ ಪ್ರೋಗ್ರಾಮುಗಳೂ ಹಿಡಿದುಕೊಂಡ ರ‍್ಯಾಮನ್ನು ಬಿಡಿಸು ಅಂತ ವಿಂಡೋಸಿಗೆ ಹೇಳುತ್ತದೆ. ವಿಂಡೋಸ್ ಬಿಡಿಸುತ್ತದೆ. ಪರದೆಯಲ್ಲಿ 5 ಇದ್ದದ್ದು 3 ಆಗುತ್ತದೆ, ನಮಗೆ ಖುಷಿ. ಮರುಕ್ಷಣ ನೀವು ಬ್ರೌಸರ್ ಒತ್ತುತ್ತೀರಿ. ಅದಕ್ಕೆ ಬೇಕಾದದ್ದೆಲ್ಲ ಮತ್ತೆ ಒಳಗೆ ಬರಬೇಕು. ಸ್ವಲ್ಪ ಭಾಗ ಇನ್ನೂ ರ‍್ಯಾಮಿನ ಮೂಲೆಯಲ್ಲೇ ಇರುತ್ತದೆ, ಅದು ಬೇಗ ಸಿಗುತ್ತದೆ. ಉಳಿದದ್ದು ಡಿಸ್ಕಿನಿಂದ ಬರಬೇಕು. ರ‍್ಯಾಮಿನಿಂದ ಓದಲು ಸುಮಾರು 100 ನ್ಯಾನೋಸೆಕೆಂಡು ಸಾಕು. ಎಸ್‌ಎಸ್‌ಡಿಗೆ (ತಿರುಗುವ ಭಾಗವಿಲ್ಲದ ಹೊಸ ಬಗೆಯ ಡಿಸ್ಕಿಗೆ) ಅದರ ಸಾವಿರ ಪಟ್ಟು ಹೊತ್ತು ಬೇಕು. ಹಳೆಯ ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಲಕ್ಷ ಪಟ್ಟು.

"ತುಂಬಿದ ರ‍್ಯಾಮ್ ಜಾಸ್ತಿ ಕರೆಂಟು ತಿನ್ನುತ್ತದೆ" ಅಂತಲೂ ಹೇಳುತ್ತಾರೆ. ಸುಮ್ನೆ ಮಾತು. ಈ ಚಿಪ್ಪುಗಳನ್ನು ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಒಂದು ಸುತ್ತು ರಿಫ್ರೆಶ್ ಮಾಡಲೇಬೇಕು, ಅಂದರೆ ಒಳಗಿನ ಚಾರ್ಜನ್ನು ಮತ್ತೆ ತುಂಬಲೇಬೇಕು. ಒಳಗೆ ನಿಮ್ಮ ಲೆಕ್ಕ ಇರಲಿ, ಏನೂ ಇಲ್ಲದಿರಲಿ, ಆ ಖರ್ಚು ತಪ್ಪುವುದಿಲ್ಲ.

ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ನಮ್ಮ ಕ್ಲಾಸಿನ ಅಜ್ಜಿಯೊಬ್ಬರಿಂದ ಈ "ಕ್ಲೀನಿಂಗ್"ಗೆ ಐನೂರು ರೂಪಾಯಿ ತೆಗೆದುಕೊಂಡರು. ಅದನ್ನು ಕೇಳಿ ನನಗೆ ನಿಜಕ್ಕೂ ಸಿಟ್ಟು ಬಂತು.

ಹಾಗಾದರೆ ಬೆಳಿಗ್ಗೆ ನಿಧಾನ ಯಾಕೆ? ನೀವು ಮಲಗಿದ್ದರೂ ಕಂಪ್ಯೂಟರ್ ಮಲಗಿರುವುದಿಲ್ಲ. ವಿಂಡೋಸ್ ತನ್ನ ಮೇಂಟೆನೆನ್ಸಿಗೆ ಇಟ್ಟುಕೊಂಡ ಹೊತ್ತೇ ರಾತ್ರಿ 2 ಗಂಟೆ. ಆಗ ವೈರಸ್ ಸ್ಕ್ಯಾನ್, ಅಪ್‌ಡೇಟ್, ಫೈಲುಗಳ ಇಂಡೆಕ್ಸು, ಹೀಗೆ ಸಾವಿರಾರು ಫೈಲುಗಳನ್ನು ಓದುವ ಕೆಲಸ ನಡೆಯುತ್ತದೆ. ಅದಕ್ಕೆ ಜಾಗ ಬೇಕು. ರ‍್ಯಾಮನ್ನು 4 ಕೆಬಿಯ ತುಂಡುಗಳಾಗಿ ಲೆಕ್ಕ ಹಾಕುತ್ತಾರೆ, ಅದಕ್ಕೆ ಪೇಜ್ ಅಂತ ಹೆಸರು. ಪೇಜನ್ನು ಮುಟ್ಟಿದಾಗ ಪ್ರೊಸೆಸರ್ ಅದಕ್ಕೊಂದು ಗುರುತು ಹಾಕುತ್ತದೆ. ಆಪರೇಟಿಂಗ್ ಸಿಸ್ಟಮ್ ಆಗಾಗ ಆ ಗುರುತನ್ನು ಅಳಿಸಿ, ಮತ್ತೆ ಬಿತ್ತಾ ಅಂತ ನೋಡುತ್ತದೆ. ರಾತ್ರಿಯಿಡೀ ನೀವು ಮುಟ್ಟದ ಲೆಕ್ಕದ ಪ್ರೋಗ್ರಾಮಿಗೆ ಗುರುತೇ ಬೀಳುವುದಿಲ್ಲ. ಜಾಗ ಸಾಲದಾದಾಗ ಅದರ ಪೇಜುಗಳನ್ನೇ ಡಿಸ್ಕಿನ ಪೇಜ್ ಫೈಲಿಗೆ ಸಾಗಿಸುತ್ತದೆ. ಇದೇ ಸ್ವಾಪಿಂಗ್. 1962ರಲ್ಲಿ ಮ್ಯಾಂಚೆಸ್ಟರಿನ ಅಟ್ಲಾಸ್ ಕಂಪ್ಯೂಟರಿನಲ್ಲೇ ಈ ಉಪಾಯ ಇತ್ತು. ಈಗಿನ ವಿಂಡೋಸ್ ಮತ್ತು ಮ್ಯಾಕ್ ಡಿಸ್ಕಿಗೆ ಕಳಿಸುವ ಮೊದಲು ಪೇಜುಗಳನ್ನು ರ‍್ಯಾಮಿನಲ್ಲೇ ಒತ್ತಿ ಚಿಕ್ಕದು ಮಾಡಿ ಇಟ್ಟುಕೊಳ್ಳುವುದೂ ಉಂಟು.

ಬೆಳಿಗ್ಗೆ ನೀವು ಬಂದು ಒತ್ತಿದ ಕೂಡಲೇ ಅವೆಲ್ಲ ವಾಪಸ್ ಬರಬೇಕು. ಎಸ್‌ಎಸ್‌ಡಿ ಇದ್ದರೆ ಕೆಲವೇ ಸೆಕೆಂಡು. ನಿಮ್ಮದು ಐದು ನಿಮಿಷ ಅಂದರೆ ಒಳಗಿರುವುದು ಹಳೆಯ ಹಾರ್ಡ್ ಡಿಸ್ಕ್ ಅಂತಲೇ ನನ್ನ ಅಂದಾಜು. ಅದನ್ನು ಬದಲಾಯಿಸಿ. ದಿನವಿಡೀ ಕೆಲಸದ ಮಧ್ಯೆಯೂ ತಡೆತಡೆದು ನಡೆಯುತ್ತಿದ್ದು, ಟಾಸ್ಕ್ ಮ್ಯಾನೇಜರಿನಲ್ಲಿ (ಏನೇನು ಓಡುತ್ತಿದೆ ಅಂತ ತೋರಿಸುವ ವಿಂಡೋಸಿನ ಪ್ರೋಗ್ರಾಮು) "ಅವೈಲಬಲ್" ಅನ್ನುವ ಅಂಕಿ ಸದಾ ತಳ ಹಿಡಿದಿದ್ದರೆ ಮಾತ್ರ ರ‍್ಯಾಮ್ ಹೆಚ್ಚಿಸುವ ಮಾತು. ಪೇಜ್ ಫೈಲನ್ನು ಮಾತ್ರ ಆಫ್ ಮಾಡಬೇಡಿ. ರ‍್ಯಾಮ್ ಮುಗಿದ ದಿನ ಪ್ರೋಗ್ರಾಮು ಅರ್ಧಕ್ಕೇ ಮುಚ್ಚಿಕೊಳ್ಳುತ್ತದೆ, ಸೇವ್ ಮಾಡದ ಲೆಕ್ಕವೂ ಹೋಗುತ್ತದೆ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. "ಹಾಗಿದ್ದರೆ ದಿನಾ ರಾತ್ರಿ ಶಟ್‌ಡೌನ್ ಮಾಡುತ್ತೇನೆ, ಎಲ್ಲ ಹೊಸದಾಗಿ ಶುರುವಾಗುತ್ತದೆ" ಅಂತ ಈಗ ನಿಮಗೆ ಅನ್ನಿಸಬಹುದು. ಹಾಗಾಗುವುದಿಲ್ಲ. ವಿಂಡೋಸ್ 8ರಿಂದ, ಅಂದರೆ 2012ರಿಂದ, ಫಾಸ್ಟ್ ಸ್ಟಾರ್ಟಪ್ ಅನ್ನುವುದು ಬಂದಿದೆ. ಶಟ್‌ಡೌನ್ ಒತ್ತಿದರೆ ನಿಮ್ಮ ಪ್ರೋಗ್ರಾಮುಗಳು ಮುಚ್ಚುತ್ತವೆ. ಆದರೆ ವಿಂಡೋಸಿನ ಒಳಭಾಗ ರ‍್ಯಾಮಿನಲ್ಲಿ ಹೇಗಿತ್ತೋ ಹಾಗೇ ಡಿಸ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಅದನ್ನೇ ಎತ್ತಿಕೊಂಡು ಬರುತ್ತದೆ. ಪೂರ್ತಿ ಹೊಸ ಆರಂಭ ಬೇಕಿದ್ದರೆ ರೀಸ್ಟಾರ್ಟ್ ಒತ್ತಬೇಕು.

ನಂಬಿಕೆ ಬಾರದಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸಿನಲ್ಲಿ ಸಿಪಿಯು ಒತ್ತಿ, "ಅಪ್ ಟೈಮ್" ನೋಡಿ. ಕೊನೆಯ ಸಲ ಪೂರ್ತಿ ಹೊಸದಾಗಿ ಶುರುವಾಗಿ ಎಷ್ಟು ಹೊತ್ತಾಯಿತು ಅಂತ ಅದು ಹೇಳುತ್ತದೆ. ಕಳೆದ ಭಾನುವಾರ ದಿನಾ ಶಟ್‌ಡೌನ್ ಮಾಡುವ ಒಬ್ಬರ ಲ್ಯಾಪ್‌ಟಾಪಿನಲ್ಲಿ ಇಪ್ಪತ್ತಮೂರು ದಿನ ಅಂತಿತ್ತು. ಕ್ಲಾಸಿಗೆ ಕ್ಲಾಸೇ ಅವರ ಮೇಜಿನ ಸುತ್ತ ಬಂದು ನಿಂತಿತು.